ಉಪಕಾರಿ ಯಾರು? — ಡಿಕೆನ್ಸನ ಒಂದು ಕಾದಂಬರಿ

‘ಮಾಡಿದ್ದುಣ್ಣೋ ಮಹಾರಾಯ’ ಎಂಬುದು ನಮ್ಮ ಜನರ ನಾಲಗೆಯ ಮೇಲಿರುವ ಮಾತು. ಎಂ. ಎಸ್. ಪುಟ್ಟಣ್ಣನವರು 1915ರಲ್ಲಿ ಪ್ರಕಟವಾದ ತಮ್ಮ ಕಾದಂಬರಿಗೆ ಇದನ್ನೇ ಹೆಸರಾಗಿಟ್ಟರು. ಮಾಡಿದುದರ ಫಲವು ಮಾಡಿದವನಿಗೆ ತಪ್ಪದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಕೈಗೆ ಬಂದ ಫಲವು ಯಾವ ಕರ್ಮದ್ದು, ಯಾರ ಮೂಲಕ ಬಂದುದು ಎಂದು ಗುರುತಿಸುವುದು ಅಷ್ಟು ಸುಲಭವಲ್ಲ. ಚಾರ್ಲ್ಸ್ ಡಿಕೆನ್ಸನು 1860–61ರಲ್ಲಿ ತನ್ನ ವಾರಪತ್ರಿಕೆಯಲ್ಲಿ ಬರೆದ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಗೆ ಈ ತೊಡಕೇ ಜೀವಾಳ.

ತಬ್ಬಲಿಯಾದ ಪಿಪ್ಪನು ಅಕ್ಕನ ಮನೆಯಲ್ಲಿ ಬೆಳೆಯುತ್ತಾನೆ. ಭಾವನಾದ ಜೋ ಕಮ್ಮಾರನು. ಹುಡುಗನಲ್ಲಿ ಅವನಿಗೆ ಅಪಾರವಾದ ಪ್ರೀತಿ. ಒಂದು ಸಂಜೆ ಸ್ಮಶಾನದಲ್ಲಿ, ಸೆರೆಯಿಂದ ತಪ್ಪಿಸಿಕೊಂಡು ಬಂದ ಕೈದಿ ಮ್ಯಾಗ್‌ವಿಚ್ಚನು ಪಿಪ್ಪನನ್ನು ಹೆದರಿಸಿ, ಅನ್ನವನ್ನೂ ಒಂದು ಅರವನ್ನೂ ತರಹೇಳುತ್ತಾನೆ. ಹುಡುಗನು ಅವುಗಳನ್ನು ಕದ್ದು ತಂದು ಕೊಡುತ್ತಾನೆ. ಮುಂದೆ ಮಿಸ್ ಹ್ಯಾವಿಷಮ್ ಎಂಬ ಸಿರಿವಂತೆಯ ಮನೆಯಲ್ಲಿ ಎಸ್ಟೆಲ್ಲಳನ್ನು ಕಂಡು, ತನ್ನ ಒರಟು ಕೈಗಳಿಗೆ ತಾನೇ ನಾಚಿಕೊಳ್ಳುತ್ತಾನೆ. ಕೆಲವು ವರ್ಷಗಳ ತರುವಾಯ, ಹೆಸರು ಹೇಳಲೊಲ್ಲದ ಉಪಕಾರಿಯೊಬ್ಬರ ಹಣ ಬರುತ್ತದೆ. ಅದು ಆ ಸಿರಿವಂತೆಯದೆಂದೂ, ಎಸ್ಟೆಲ್ಲ ತನಗಾಗಿಯೇ ಮೀಸಲೆಂದೂ ನಂಬಿ ಪಿಪ್ಪನು ಲಂಡನ್ನಿಗೆ ಹೊರಡುತ್ತಾನೆ.

ಹಣ ಕಳುಹಿಸಿದವನಾದರೋ ಆ ಕೈದಿಯೇ! ಗಡೀಪಾರಾಗಿ ಆಸ್ಟ್ರೇಲಿಯದಲ್ಲಿ ಕುರಿ ಸಾಕಿ ಅವನು ಹಣ ಗಳಿಸಿದ್ದನು. ವಿಪರ್ಯಾಸವು ಇಷ್ಟಕ್ಕೇ ಮುಗಿಯುವುದಿಲ್ಲ. ಪಿಪ್ಪನು ಅನ್ನ ಕೊಟ್ಟುದಕ್ಕೆ ಮುಖ್ಯ ಕಾರಣ ಭಯ. ಕೈದಿಯು ಅದನ್ನು ಶುದ್ಧ ದಯೆಯೆಂದೇ ಬಗೆದನು. ಅವನ ಕೃತಜ್ಞತೆಯಲ್ಲಿಯೂ ಛಲ ಬೆರೆತಿತ್ತು: ತನ್ನನ್ನು ತುಳಿದ ದೊಡ್ಡ ಮನುಷ್ಯರ ಎದುರಿಗೆ, ತಾನೇ ಸೃಷ್ಟಿಸಿದ ಒಬ್ಬ ದೊಡ್ಡ ಮನುಷ್ಯನನ್ನು ನಿಲ್ಲಿಸುವ ಹಂಬಲ. ಎಸ್ಟೆಲ್ಲಳು ಅದೇ ಕೈದಿಯ ಮಗಳು! ಪ್ರಣಯದಲ್ಲಿ ಮೋಸಹೋದ ಹ್ಯಾವಿಷಮ್ಮಳು ಗಂಡಸರ ಮೇಲೆ ಹಗೆ ತೀರಿಸಲೆಂದು ಆ ಹುಡುಗಿಯ ಎದೆಯನ್ನು ಕಲ್ಲು ಮಾಡಿದಳು. ಕೊನೆಗೆ ಸಾಕಿದವಳಿಗೂ ಅಲ್ಲಿ ಪ್ರೀತಿ ದೊರೆಯಲಿಲ್ಲ.

ಈ ಕಥೆಯನ್ನು ಹೇಳುವವನು ವಯಸ್ಸಾದ ಪಿಪ್ಪನೇ. ಇಲ್ಲಿ ಕವಿಯ ಜಾಣತನವನ್ನು ಗಮನಿಸಬೇಕು. ಲಂಡನ್ನಿಗೆ ಜೋ ಬಂದಾಗ ತರುಣನಾದ ಪಿಪ್ಪನು ಸಂಕಟಪಡುತ್ತಾನೆ. ಆ ಸಂಕಟಕ್ಕೆ ಹೊಂದಿಸಿಕೊಂಡ ನೆವಗಳನ್ನು ಮುದುಕನಾದ ಪಿಪ್ಪನು ನಗುತ್ತ, ನೋಯುತ್ತ, ಒಂದೊಂದಾಗಿ ಬಿಚ್ಚಿಡುತ್ತಾನೆ. ಮನುಷ್ಯನು ಪರರಿಗಿಂತ ಹೆಚ್ಚಾಗಿ ತನಗೇ ಸುಳ್ಳು ಹೇಳಿಕೊಳ್ಳುತ್ತಾನೆಂಬುದು ಇದರಿಂದ ಮನದಟ್ಟಾಗುತ್ತದೆ.

ಈ ಭಾಗವನ್ನು ತರಗತಿಯಲ್ಲಿ ಪಾಠ ಹೇಳುವಾಗ ನಮ್ಮ ಧ್ವನಿ ತುಸು ತಗ್ಗುವುದುಂಟು. ಹೊಸಕೋಟೆಯಿಂದ ಬೆಂಗಳೂರಿಗೆ ಸುಮಾರು 25 ಕಿಲೋಮೀಟರುಗಳ ದಾರಿ. ನಾವು ಕಾಲೇಜು ಸೇರಿದ ಹೊಸತರಲ್ಲಿ ನಮ್ಮ ತಂದೆಯವರು ರಾಗಿ ಹುರಿಹಿಟ್ಟಿನ ಗಂಟನ್ನು ಹಿಡಿದು ವಿದ್ಯಾರ್ಥಿನಿಲಯದ ಬಾಗಿಲಿಗೆ ಬಂದರು. ಯಾರೆಂದು ಗೆಳೆಯನು ಕೇಳಿದನು. “ನಮ್ಮ ಊರ ಕಡೆಯವರು” ಎಂದೆವು. ಅವರಿಗೆ ಅದು ಕೇಳಿಸಿತೋ ಇಲ್ಲವೋ, ಗಂಟನ್ನು ಕೊಟ್ಟು ಹೊರಟರು. ಆ ತಿಂಗಳೆಲ್ಲ ನಮ್ಮ ಬೆಳಗಿನ ಹಸಿವನ್ನು ತೀರಿಸಿದುದು ಆ ಹಿಟ್ಟೇ.

ಪಿಪ್ಪನಿಗೂ ಹೀಗೆಯೇ ಆಯಿತು. ಕೈದಿಯ ಆಸ್ತಿಯೆಲ್ಲ ಸರಕಾರದ ಪಾಲಾಗಿ, ಕಾಯಿಲೆ ಬಿದ್ದಾಗ ಶುಶ್ರೂಷೆ ಮಾಡಿದವನು ಜೋ. ಸಾಲವನ್ನೂ ತೀರಿಸಿ, ಎಬ್ಬಿಸದೆ ಊರಿಗೆ ಹಿಂದಿರುಗಿದನು. ದೂರದ ಉಪಕಾರಿಯನ್ನು ಹುಡುಕುತ್ತಿದ್ದ ಪಿಪ್ಪನಿಗೆ ನಿಜವಾದ ಉಪಕಾರಿಯು ಕುಲುಮೆಯ ಮುಂದೆಯೇ ಇದ್ದನು. ಇದನ್ನು ತಿಳಿದ ಪಿಪ್ಪನು ಜೋವಿನ ಬಳಿಗೆ ಹೋಗಿ ಕ್ಷಮೆ ಬೇಡಿದನು. ಅವನಿಗೆ ಆ ಅವಕಾಶ ದೊರೆಯಿತು, ಎಲ್ಲರಿಗೂ ದೊರೆಯುವುದಿಲ್ಲ. ಮಹನೀಯರೇ, ಈ ಕಾದಂಬರಿಯನ್ನು ಓದಿ ಮುಗಿಸಿದ ರಾತ್ರಿ ತಮ್ಮ ಊರಿಗೆ ಒಂದು ಕಾಗದ ಬರೆಯುವಿರಾದರೆ, ಡಿಕೆನ್ಸನ ಶ್ರಮ ಸಾರ್ಥಕ.