ಯೆಜ್ಡಿ ರೋಡ್‌ಕಿಂಗೋ, ರಾಜ್‌ದೂತ್ 350ಯೋ?

ಮೇಲೆ ಮೆಟ್ರೊ, ಕೆಳಗೆ ಮುಗಿಯದ ವಾಹನ ಸಂದಣಿ. ಜರಗನಹಳ್ಳಿಯ ಬಳಿ ಕನಕಪುರ ರಸ್ತೆಯ ನಿತ್ಯದ ನೋಟ ಇದು. ಭಾನುವಾರ ಬೆಳಗಿನ ಜಾವ ಮಾತ್ರ ರಸ್ತೆ ಸ್ವಲ್ಪ ಉಸಿರಾಡುತ್ತದೆ. ಸಂಗಮ, ಮೇಕೆದಾಟು ಕಡೆಗೆ ಹೊರಟ ಬೈಕುಗಳ ನಡುವೆ ಹಳೆಯ ಟೂ ಸ್ಟ್ರೋಕ್ ಗಾಡಿಯೊಂದು ನೀಲಿ ಹೊಗೆ ಬಿಡುತ್ತಾ ಹೋದರೆ ಕತ್ತುಗಳು ಅತ್ತ ಹೊರಳುತ್ತವೆ. ಅಂಥದ್ದೊಂದನ್ನು ಕೊಳ್ಳುವ ಆಸೆಯಾದರೆ ಯಾವುದನ್ನು ಆರಿಸಬೇಕು?

ಎರಡು ಮನೆತನ

ರೋಡ್‌ಕಿಂಗ್ ಮೈಸೂರಿನ ಕೂಸು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಅಲ್ಲಿ ಬೈಕು ತಯಾರಿಸತೊಡಗಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ರಾಜ್‌ದೂತ್ 350ರ ಮೂಲ ಜಪಾನಿನ ಯಮಹಾ ಆರ್.ಡಿ. 350. ಎಸ್ಕಾರ್ಟ್ಸ್ ಕಂಪನಿ 1983ರಿಂದ ಆ ದಶಕದ ಕೊನೆಯವರೆಗೆ ಇದನ್ನು ಭಾರತದಲ್ಲಿ ತಯಾರಿಸಿತು.

ಓಟದ ಲೆಕ್ಕ

ರೋಡ್‌ಕಿಂಗ್‌ನದು ಒಂದೇ ಸಿಲಿಂಡರ್, ಸುಮಾರು 249 ಸಿ.ಸಿ., 16 ಅಶ್ವಶಕ್ತಿ. ರಾಜ್‌ದೂತ್‌ಗೆ ಎರಡು ಸಿಲಿಂಡರ್, 347 ಸಿ.ಸಿ. ಮೊದಲು ಬಂದ 'ಹೈ ಟಾರ್ಕ್' ಮಾದರಿಗೆ 30.5 ಅಶ್ವಶಕ್ತಿ, ಅನಂತರದ 'ಲೋ ಟಾರ್ಕ್'ಗೆ 27.

ಅಂತರ ಇಷ್ಟೇ ಅಲ್ಲ. ಯೆಜ್ಡಿಯ ಪಿಸ್ಟನ್ ಸಿಲಿಂಡರಿನಲ್ಲಿ 75 ಮಿಲಿಮೀಟರ್ ಏರಿಳಿದರೆ ರಾಜ್‌ದೂತ್‌ನದು 54 ಮಾತ್ರ. ದಾರಿ ಗಿಡ್ಡವಾದಷ್ಟೂ ಪಿಸ್ಟನ್ ಬೇಗ ಬೇಗ ಓಡಾಡಬಹುದು, ಎಂಜಿನ್ ಹೆಚ್ಚು ಸುತ್ತು ತಿರುಗಬಹುದು. ಇದಕ್ಕೆ ಆರು ಗೇರುಗಳೂ ಸೇರಿದ ಮೇಲೆ ನಾಲ್ಕು ಗೇರಿನ ರೋಡ್‌ಕಿಂಗ್ ಹಿಂದೆ ಬೀಳದೆ ಇನ್ನೇನು? ಆದರೆ ನಿಧಾನ ವೇಗದಲ್ಲೂ ಒದ್ದಾಡದೆ, ಭಾರ ಹೊತ್ತು ಸಾಗುವುದರಲ್ಲಿ ಯೆಜ್ಡಿಯದೇ ಮೇಲುಗೈ. ಕಿಕ್ ಹೊಡೆಯುವ ಲಿವರೇ ಗೇರ್ ಲಿವರೂ ಆಗುವುದು ಅದರ ಸೊಗಸು.

ರಾಜ್‌ದೂತ್‌ನ ವೇಗಕ್ಕೆ ತಕ್ಕ ಬ್ರೇಕ್ ಇರಲಿಲ್ಲ. ವಿದೇಶದ ಮಾದರಿಗಿದ್ದ ಡಿಸ್ಕ್ ಬ್ರೇಕಿನ ಬದಲು ಇಲ್ಲಿ ಡ್ರಮ್ ಬ್ರೇಕ್ ಹಾಕಿದರು. ಪೆಟ್ರೋಲ್ ಕುಡಿಯುವುದರಲ್ಲೂ ಅದು ಗಟ್ಟಿಗ. 1985ರ ಹೊತ್ತಿಗೆ ಬಂದ 100 ಸಿ.ಸಿ. ಜಪಾನಿ ತಂತ್ರಜ್ಞಾನದ ಬೈಕುಗಳು ಎರಡರ ಮಾರುಕಟ್ಟೆಯನ್ನೂ ಕಿತ್ತುಕೊಂಡವು.

ಸಂಗ್ರಹದ ಲೆಕ್ಕ

ರಾಜ್‌ದೂತ್ ಕೆಲವೇ ವರ್ಷ ತಯಾರಾದ ಗಾಡಿ. ಅದರಲ್ಲೂ ಅನೇಕವು ರೇಸಿನ ಹುಚ್ಚಿಗೆ ಸಿಕ್ಕಿ ಸೈಲೆನ್ಸರ್, ಕಾರ್ಬುರೇಟರ್, ಬ್ರೇಕ್ ಎಲ್ಲ ಬದಲಾಯಿಸಿಕೊಂಡವು. ಹೀಗಾಗಿ ಮೂಲ ರೂಪದ ಹೈ ಟಾರ್ಕ್ ಸಂಗ್ರಾಹಕರಿಗೆ ಅಪರೂಪದ ವಸ್ತು. ಬಹಳ ವರ್ಷ ತಯಾರಾದ ರೋಡ್‌ಕಿಂಗ್ ಅಷ್ಟು ಅಪರೂಪವಲ್ಲ. ಬಿಡಿಭಾಗ, ರಿಪೇರಿ ಬಲ್ಲ ಕೈಗಳು ಬೆಂಗಳೂರು, ಮೈಸೂರಿನ ಕಡೆ ಸಿಗುತ್ತವೆ. ಸಾಕುವುದು ಸುಲಭ.

2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಆದರೆ ಅದನ್ನು ನಿತ್ಯ ಓಡಿಸುವಂತಿಲ್ಲ. ಮೊದಲ ರೋಡ್‌ಕಿಂಗ್‌ಗಳಿಗೆ 50 ತುಂಬುವುದು 2028ರಲ್ಲಿ, ರಾಜ್‌ದೂತ್‌ಗೆ 2033ರಲ್ಲಿ. ಚಾಸಿ ಅಥವಾ ಎಂಜಿನ್ ಮಾರ್ಪಡಿಸಿದ ಗಾಡಿಗೆ ಈ ಮಾನ್ಯತೆ ಇಲ್ಲ.

ಆದ್ದರಿಂದ ಕೊಳ್ಳುವವರು ಬಣ್ಣಕ್ಕೆ, ಸದ್ದಿಗೆ ಮರುಳಾಗಬಾರದು. ಮೊದಲು ಆರ್.ಸಿ. ಪುಸ್ತಕದ ಎಂಜಿನ್ ಮತ್ತು ಚಾಸಿ ಸಂಖ್ಯೆಯನ್ನು ಗಾಡಿಯ ಮೇಲಿನದರೊಂದಿಗೆ ತಾಳೆ ನೋಡಬೇಕು. ಎಥನಾಲ್ ಬೆರೆತ ಈಗಿನ ಪೆಟ್ರೋಲ್ ನೀರು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಪೈಪು, ವಾಷರುಗಳನ್ನು ಬದಲಿಸಬೇಕು, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ನಿಲ್ಲಿಸಬಾರದು.

ಓಟಕ್ಕೆ ರಾಜ್‌ದೂತ್, ಒಡನಾಟಕ್ಕೆ ರೋಡ್‌ಕಿಂಗ್ ಎನ್ನಬಹುದು. ಆದರೆ ಕೈಕಾಲು ಬದಲಿಸಿಕೊಂಡ ರಾಜ್‌ದೂತ್‌ಗಿಂತ, ಕಾರ್ಖಾನೆಯಿಂದ ಬಂದಂತೆಯೇ ಉಳಿದ ರೋಡ್‌ಕಿಂಗ್ ಮನೆಗೆ ತರಲು ಹೆಚ್ಚು ಯೋಗ್ಯ.