ಸಿಹಿ ಹಂಚುವಾಗ

ಸ್ವಾತಂತ್ರ್ಯೋತ್ಸವವಿರಲಿ, ಮಕ್ಕಳ ದಿನಾಚರಣೆಯಿರಲಿ, ಕೈಗೆ ಸಿಹಿ ಬೀಳದೆ ಮಕ್ಕಳು ಮನೆಗೆ ಹೊರಡುವುದಿಲ್ಲ. ರಾಯದುರ್ಗ, ಮಡಕಶಿರ ಸೀಮೆ ಕಡಲೆಕಾಯಿ ಬೆಳೆಯುವ ನೆಲ. ಇಲ್ಲಿ ಸಿಹಿಯೆಂದರೆ ಚಿಕ್ಕಿ ನೆನಪಾಗುವುದು ಸಹಜ. ಅದು ಪುಷ್ಟಿಕರವೂ ಹೌದು. 2020ರಲ್ಲಿ ಆಂಧ್ರಪ್ರದೇಶ ಸರ್ಕಾರವು ಶಾಲೆಗಳ ಮಧ್ಯಾಹ್ನದ ಊಟದೊಡನೆ ಚಿಕ್ಕಿಯನ್ನೂ ಸೇರಿಸಿತು.

ಆದರೆ ನೂರು ಮಕ್ಕಳಿಗೆ ಅಮೃತವಾದದ್ದು ಎಲ್ಲೋ ಒಂದು ಮಗುವಿಗೆ ವಿಷವಾಗಬಹುದು. ನಮ್ಮ ದೇಹದಲ್ಲಿ ರೋಗಾಣುಗಳೊಡನೆ ಹೋರಾಡುವ ಕಾವಲು ಶಕ್ತಿಯೊಂದುಂಟು. ಅದು ಕಡಲೆಕಾಯಿಯ ಪ್ರೋಟೀನನ್ನೇ ಶತ್ರುವೆಂದು ಭಾವಿಸಿ ಯುದ್ಧಕ್ಕಿಳಿದರೆ ಅದೇ ಒಗ್ಗದಿಕೆ. ವೈದ್ಯರ ಮಾತಿನಲ್ಲಿ ಅಲರ್ಜಿ. ಹಾಲು, ಮೊಟ್ಟೆ, ಗೋಡಂಬಿಗಳಿಂದಲೂ ಹೀಗಾಗುವುದುಂಟು. ತಿಂದ ಕೆಲವೇ ನಿಮಿಷಗಳಲ್ಲಿ, ಕೆಲವೊಮ್ಮೆ ಒಂದೆರಡು ಗಂಟೆಯೊಳಗೆ ಮೈಮೇಲೆ ದದ್ದುಗಳೇಳುತ್ತವೆ, ತುಟಿ ಊದುತ್ತದೆ, ವಾಂತಿಯಾಗುತ್ತದೆ. ಗಂಟಲು ಬಿಗಿದು ಉಸಿರಾಟ ಕಷ್ಟವಾದರೆ ಪ್ರಾಣಾಪಾಯ. ಆಗ ಮಜ್ಜಿಗೆ, ನಿಂಬೆರಸ ಎಂದು ಹೊತ್ತು ಕಳೆಯದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಜೀವ ಉಳಿಸುವ ಔಷಧ.

‘ಕೂಸಿದ್ದಾಗಿನಿಂದ ಶೇಂಗಾ ಚಟ್ನಿ ನೆಕ್ಕಿ ಬೆಳೆದವರು ನಾವು, ನಮಗೆಲ್ಲಿಯ ಅಲರ್ಜಿ?’ ಎಂದು ಹಿರಿಯರು ಕೇಳಬಹುದು. ಆ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಎಳೆಯ ವಯಸ್ಸಿನಲ್ಲೇ ಕಡಲೆಕಾಯಿಯ ಆಹಾರ ತಿಂದ ಮಕ್ಕಳಲ್ಲಿ ಈ ತೊಂದರೆ ಬಹಳ ಕಡಿಮೆಯೆಂದು ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಕಡಿಮೆ ಎಂದರೆ ಇಲ್ಲವೇ ಇಲ್ಲವೆಂದಲ್ಲ. ಈಗಾಗಲೇ ಒಗ್ಗದ ಮಗುವಿಗೆ ‘ಅಭ್ಯಾಸವಾಗಲಿ’ ಎಂದು ಮನೆಯಲ್ಲಿ ತಿನ್ನಿಸುವುದಂತೂ ಅಪಾಯಕರ.

ಇನ್ನೊಂದು ಸಂಗತಿ ಎಲ್ಲರಿಗೂ ಸೇರಿದ್ದು. ತೇವ ತಗುಲಿದ ಕಡಲೆಬೀಜಕ್ಕೆ ಹಿಡಿಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡಬಲ್ಲದು. 1960ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ಕಡಲೆಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತ ಮೇಲೆಯೇ ಇದು ಪತ್ತೆಯಾಯಿತು. ಹುರಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ. ಬಣ್ಣಗೆಟ್ಟ, ಮುರುಟಿದ ಬೀಜಗಳನ್ನು ಚಿಕ್ಕಿಗೆ ಮೊದಲೇ ಆರಿಸಿ ತೆಗೆಯಬೇಕು; ಕಹಿಯೆನಿಸಿದ್ದನ್ನು ಉಗುಳಿಬಿಡಿ.

ಪೊಟ್ಟಣದ ತಿನಿಸಿನ ಮೇಲೆ ಅದರಲ್ಲೇನಿದೆ ಎಂದು ಅಚ್ಚಾಗಿರುತ್ತದೆ. ಬಿಡಿ ಮಿಠಾಯಿಗೆ ಆ ಚೀಟಿಯಿಲ್ಲ. ಎಳ್ಳುಂಡೆಯನ್ನು ಚಿಕ್ಕಿಯ ತಟ್ಟೆಯಲ್ಲೇ ಇಟ್ಟಿದ್ದರೆ ಅದಕ್ಕೂ ಕಡಲೆಪುಡಿ ಅಂಟಿರುತ್ತದೆ. ಆದ್ದರಿಂದ ಪೋಷಕರು ಮಗುವಿಗೆ ಒಗ್ಗದ್ದನ್ನು ಶಾಲೆ ಆರಂಭವಾದಾಗಲೇ, ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ, ಬರೆದು ತರಗತಿಯ ಉಪಾಧ್ಯಾಯರಿಗೆ ಕೊಡಬೇಕು. ವಿದ್ಯಾರ್ಥಿಗಳೇ, ಸಿಹಿ ಹಂಚುವವರು ನೀವೇ ಅಲ್ಲವೇ? ಗೆಳೆಯನೊಬ್ಬ ‘ಬೇಡ’ ಎಂದರೆ ಜಂಬವೆಂದು ಹಾಸ್ಯ ಮಾಡಿ ಬಾಯಿಗೆ ತುರುಕಬೇಡಿ, ಏಕೆಂದು ಕೇಳಿ. ಅಂಥವರಿಗಾಗಿ ಚಿಕ್ಕಿಯ ತಟ್ಟೆಯಿಂದ ದೂರದಲ್ಲಿ ಒಂದಷ್ಟು ಬಾಳೆಹಣ್ಣುಗಳನ್ನು ಮೊದಲೇ ತಂದಿಟ್ಟುಕೊಂಡಿರಿ.