'ಕರೆಂಟ್' ಎಂಬ ನುಡಿ ಮತ್ತು ಪಿಟ್ಯುಟರಿ ಗೆಡ್ಡೆಯ ವಿಕಿರಣ ಚಿಕಿತ್ಸೆ

ಯಾದಗಿರಿ, ಶಹಾಪುರ, ಸುರಪುರ ಪರಿಸರದ ಆಡುಮಾತಿನಲ್ಲಿ ವಿಕಿರಣ ಚಿಕಿತ್ಸೆಗೆ 'ಕರೆಂಟ್ ಕೊಡುವುದು' ಎಂಬ ಹೆಸರಿದೆ. ನಾಡಿನ ಇತರೆಡೆಯೂ ಬಳಕೆಯಲ್ಲಿರುವ ಈ ನುಡಿಯೊಳಗೆ ಭಯವೊಂದು ಅಡಗಿದೆ. ಕಾಯಿಸಿದ ಕಬ್ಬಿಣದಿಂದ ಮೈ ಸುಡುವ 'ಬರೆ' ಈ ಭಾಗದ ಜನಪದ ವೈದ್ಯದ ಹಳೆಯ ಉಪಾಯ. ತಲೆಗೆ ಕರೆಂಟ್ ಎಂದೊಡನೆ ಬರೆಯೂ ವಿದ್ಯುತ್ ಆಘಾತವೂ ಒಟ್ಟಿಗೆ ನೆನಪಾಗುವುದು ಸಹಜ.

ಪಿಟ್ಯುಟರಿಯು ಮಿದುಳಿನ ತಳದಲ್ಲಿರುವ, ಕಡಲೆಕಾಳಿನಷ್ಟು ಗಾತ್ರದ ಗ್ರಂಥಿ. ಇಲ್ಲಿ ಹುಟ್ಟುವ ಗೆಡ್ಡೆಗಳು ಬಹುಪಾಲು ಕ್ಯಾನ್ಸರ್ ಅಲ್ಲ. 1 ಸೆಂ.ಮೀ. ಮೀರಿದ್ದು ದೊಡ್ಡದು, 4 ಸೆಂ.ಮೀ. ಮೀರಿದ್ದು ಬೃಹತ್ತಾದುದು ಎಂಬ ಎಣಿಕೆಯಿದೆ. ದೊಡ್ಡ ಗೆಡ್ಡೆ ಮೇಲಿರುವ ದೃಷ್ಟಿನರಗಳನ್ನು ಒತ್ತಿದಾಗ ಎರಡೂ ಬದಿಯ ನೋಟ ಕುಗ್ಗುತ್ತದೆ. ಬದುವಿನ ಮೇಲೆ ನಡೆಯುವವನಿಗೆ ಎದುರಿನ ದಾರಿ ಕಾಣುತ್ತದೆ, ಪಕ್ಕದಿಂದ ಬರುವ ಎತ್ತು ಕಾಣುವುದಿಲ್ಲ. ಇಂಥ ತಲೆನೋವಿಗೆ ಬರೆ ಹಾಕಿಸುತ್ತ ಕಳೆದ ತಿಂಗಳುಗಳಲ್ಲಿ ಕಣ್ಣು ಹೋಗಬಹುದು.

ಪ್ರೊಲ್ಯಾಕ್ಟಿನ್ ಸ್ರವಿಸುವ ಗೆಡ್ಡೆಗೆ ಮೊದಲ ಮದ್ದು ಮಾತ್ರೆಯೇ. ಉಳಿದವುಗಳಿಗೆ ಸಾಮಾನ್ಯವಾಗಿ ಮೂಗಿನ ಮೂಲಕ ಶಸ್ತ್ರಚಿಕಿತ್ಸೆ. ರಕ್ತನಾಳವನ್ನು ಸುತ್ತಿಕೊಂಡು ತೆಗೆಯಲಾಗದೆ ಉಳಿದ ಅಥವಾ ಮತ್ತೆ ಬೆಳೆದ ಭಾಗಕ್ಕೆ ವಿಕಿರಣ. ದೃಷ್ಟಿ ವೇಗವಾಗಿ ಕುಸಿಯುತ್ತಿರುವಾಗ ವಿಕಿರಣವನ್ನು ನೆಚ್ಚಿ ಕೂರುವಂತಿಲ್ಲ, ಅದರ ಗುಣ ನಿಧಾನ. ಲಾರ್ಸ್ ಲೆಕ್ಸೆಲ್ ರೂಪಿಸಿದ, 1968ರಲ್ಲಿ ಸ್ಟಾಕ್‌ಹೋಮಿನಲ್ಲಿ ಬಳಕೆಗೆ ಬಂದ ಗಾಮಾ ನೈಫ್ ಒಂದೇ ಸಲಕ್ಕೆ ಹೆಚ್ಚು ಕಿರಣ ಕೊಡುತ್ತದೆ. ದೃಷ್ಟಿನರಕ್ಕೆ ಅಂಟಿದ ದೊಡ್ಡ ಗೆಡ್ಡೆಗೆ ಅದು ಒಗ್ಗದು. ಆದುದರಿಂದ ಸುಮಾರು 45ರಿಂದ 50 ಗ್ರೇ ಪ್ರಮಾಣವನ್ನು 25ರಿಂದ 28 ಕಂತುಗಳಾಗಿ, ವಾರಕ್ಕೆ ಐದು ದಿನ ಕೊಡುತ್ತಾರೆ. ಬಿಸಿನೀರಿನಲ್ಲಿ ಮೆದುವಾದ ಹಾಳೆಯನ್ನು ಮುಖಕ್ಕೆ ಹೊಂದಿಸಿದ ಮುಖವಾಡ ತಲೆಯನ್ನು ಅಲುಗದಂತೆ ಹಿಡಿಯುತ್ತದೆ. ಕಿರಣ ಬೀಳುವಾಗ ನೋವಿಲ್ಲ, ಶಾಖದ ಅನುಭವವಿಲ್ಲ. ದಣಿವು, ಅಲ್ಲಲ್ಲಿ ಕೂದಲು ಉದುರುವಿಕೆ ಉಂಟಾಗಬಹುದು. ಬರೆಯ ಗುರುತನ್ನೇ ಚಿಕಿತ್ಸೆಯ ಸಾಕ್ಷಿಯೆಂದು ನಂಬಿದವರಿಗೆ ಇದು ಏನೂ ಮಾಡದಂತೆ ತೋರಿದರೆ ಆಶ್ಚರ್ಯವಿಲ್ಲ.

ಕಿದ್ವಾಯಿ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿದೆ, ನಿಮ್ಹಾನ್ಸ್ ಇರುವುದು ಬೆಂಗಳೂರಿನಲ್ಲಿ. ತೊಗರಿ, ಹತ್ತಿಯ ಹೊಲ ಬಿಟ್ಟು ಐದಾರು ವಾರ ಪರಊರಿನಲ್ಲಿರುವುದು, ದುಡಿಮೆಗಾಗಿ ಗುಳೆ ಹೋಗುವ ಈ ಸೀಮೆಯವರಿಗೆ, ಕೂಲಿಯಿಲ್ಲದ ಗುಳೆಯೇ ಸರಿ.

'ಕರೆಂಟ್ ಮುಗಿಯಿತು' ಎಂಬ ಮಾತು ಮಾತ್ರ ಅಪಾಯಕಾರಿ. ಗೆಡ್ಡೆಯ ಬೆಳವಣಿಗೆ ನಿಂತರೂ ಅತಿಯಾದ ಸ್ರವಿಕೆ ತಗ್ಗಲು ವರ್ಷಗಳೇ ಹಿಡಿಯುತ್ತವೆ. ಇತ್ತ ಗ್ರಂಥಿಯ ಸಹಜ ಶಕ್ತಿಯೂ ಅನೇಕರಲ್ಲಿ ಕ್ರಮೇಣ ಕುಂದುತ್ತದೆ. ಹೀಗಾಗಿ ಹಾರ್ಮೋನು ಪರೀಕ್ಷೆ ಜೀವನಪರ್ಯಂತ ನಡೆಯಬೇಕು. ಸ್ಟೆರಾಯ್ಡ್ ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನು ತಾವಾಗಿಯೇ ನಿಲ್ಲಿಸಿದವರ ಪ್ರಾಣಕ್ಕೆ ಒಂದು ಸಾಮಾನ್ಯ ಜ್ವರವೂ ಕುತ್ತಾಗಬಲ್ಲದು.